‘ಮಟ್ಟ ಇದೆ’ ಎಂದರೆ ಸಾಲದು: ಮರದ ಆಟದ ನೆಲ ಹಾಸುವ ಮುನ್ನ ಕಾಂಕ್ರೀಟನ್ನು ಅಳೆಯುವ ಕ್ರಮ

ತುಮಕೂರು, ತಿಪಟೂರು, ಶಿರಾ ಕಡೆಗಳಲ್ಲಿ ಒಳಾಂಗಣ ಬ್ಯಾಡ್ಮಿಂಟನ್ ಅಥವಾ ಬ್ಯಾಸ್ಕೆಟ್‌ಬಾಲ್ ಅಂಕಣ ಕಟ್ಟಿಸುತ್ತಿರುವ ಓದುಗರು ಬೇರೆ ಬೇರೆ ಮಾತುಗಳಲ್ಲಿ ಕೇಳುವ ಪ್ರಶ್ನೆ ಒಂದೇ. ‘ನೆಲ ಮಟ್ಟವಾಗಿದೆ ಎಂದು ಮೇಸ್ತ್ರಿ ಹೇಳುತ್ತಾರೆ, ಮರ ಹಾಸಲು ಬಂದವರು ಈ ನೆಲದ ಮೇಲೆ ಕೆಲಸ ಮಾಡಲಾಗದು ಎನ್ನುತ್ತಾರೆ. ಯಾರ ಮಾತನ್ನು ನಂಬಬೇಕು?’ ಬಹಳಷ್ಟು ಸಂದರ್ಭಗಳಲ್ಲಿ ಇಬ್ಬರ ಮಾತೂ ಸರಿಯಾಗಿರುತ್ತದೆ, ಏಕೆಂದರೆ ಇಬ್ಬರೂ ಮಾತನಾಡುತ್ತಿರುವುದು ಎರಡು ಬೇರೆ ಗುಣಗಳ ಬಗ್ಗೆ. ಈ ಎರಡನ್ನು ಬೇರ್ಪಡಿಸಿ ನೀವೇ ಅಳೆದು ಕಾಗದದ ಮೇಲೆ ಬರೆದಿಟ್ಟುಕೊಂಡರೆ ವಾದಕ್ಕೆ ಎಡೆಯಿರುವುದಿಲ್ಲ. ಅದಕ್ಕೆ ಬೇಕಾದ ಸಾಮಗ್ರಿ ದುಬಾರಿಯದಲ್ಲ. ಬೇಕಾದದ್ದು ಒಂದು ದಿನದ ಸಮಯ, ಜೊತೆಗೆ ಒಬ್ಬ ಸಹಾಯಕ.

ಒಂದು ಪದದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಸ್ಲ್ಯಾಬ್ ಎಂದರೆ ಮೋಲ್ಡ್, ಅಂದರೆ ಛಾವಣಿ ಎಂದೇ ಜನ ತಿಳಿಯುತ್ತಾರೆ. ಈ ಲೇಖನದಲ್ಲಿ ಹೇಳುತ್ತಿರುವುದು ನೆಲದ ಮೇಲೆ ಹಾಕಿದ ಕಾಂಕ್ರೀಟ್ ಹಾಸಿನ ಬಗ್ಗೆ, ಮರದ ನೆಲ ಕೂರುವುದು ಅದರ ಮೇಲೆ.

ಮಟ್ಟ ಬೇರೆ, ಸಮತಟ್ಟು ಬೇರೆ

ನೆಲದ ಎಲ್ಲ ಬಿಂದುಗಳೂ ಒಂದೇ ಎತ್ತರದಲ್ಲಿದ್ದರೆ, ನಿಂತ ಕೆರೆಯ ನೀರಿನಂತಿದ್ದರೆ, ಅದು ಮಟ್ಟವಾಗಿದೆ. ನೆಲದಲ್ಲಿ ಉಬ್ಬು ತಗ್ಗುಗಳಿಲ್ಲದಿದ್ದರೆ ಅದು ಸಮತಟ್ಟಾಗಿದೆ. ಗೋಡೆಗೆ ಒರಗಿಸಿಟ್ಟ ಹೊಸ ಬಾಗಿಲಿನ ಹಲಗೆ ಸಮತಟ್ಟು, ಆದರೆ ಮಟ್ಟವಲ್ಲ. ಊಟದ ತಟ್ಟೆಯನ್ನು ಮೇಜಿನ ಮೇಲಿಟ್ಟು ಅದರ ಅಂಚಿನ ಸುತ್ತ ನೋಡಿದರೆ ಮಟ್ಟ ಸರಿಯಾಗಿಯೇ ಇರುತ್ತದೆ, ಆದರೆ ನಡುಭಾಗ ತಗ್ಗಾಗಿರುವುದರಿಂದ ಅದು ಸಮತಟ್ಟಲ್ಲ. ಮೇಸ್ತ್ರಿ ನೀರಿನ ಟ್ಯೂಬ್ ಹಿಡಿದು ಕೋಣೆಯ ನಾಲ್ಕು ಮೂಲೆಗಳನ್ನೂ ನಡುವಿನ ಒಂದೆರಡು ಬಿಂದುಗಳನ್ನೂ ನೋಡಿ ‘ಮಟ್ಟ ಇದೆ’ ಎನ್ನುವಾಗ ಅವರು ನೋಡಿರುವುದು ತಟ್ಟೆಯ ಅಂಚನ್ನು. ಮರ ಹಾಸುವವರಿಗೆ ಬೇಕಾಗಿರುವುದು ತಟ್ಟೆಯ ಒಳಭಾಗದ ಲೆಕ್ಕ.

ಆಟದ ನೆಲಕ್ಕೆ ಸಮತಟ್ಟು ಇಷ್ಟೇಕೆ ಮುಖ್ಯ ಎಂದರೆ, ಈ ನೆಲದಲ್ಲಿ ಮರದ ಹಲಗೆಯ ಕೆಳಗೆ ಪ್ಲೈವುಡ್ ಅಥವಾ ರೀಪರುಗಳು, ಅವುಗಳ ಕೆಳಗೆ ರಬ್ಬರ್ ಪ್ಯಾಡುಗಳು ಇರುತ್ತವೆ. ಆಟಗಾರ ನೆಗೆದು ಇಳಿದಾಗ ಪ್ಯಾಡ್ ಒತ್ತಿಕೊಂಡು ಪೆಟ್ಟನ್ನು ತಿನ್ನಬೇಕು. ಕೆಳಗೆ ತಗ್ಗಿದ್ದರೆ ಆ ಜಾಗದ ಪ್ಯಾಡುಗಳು ಕಾಂಕ್ರೀಟನ್ನು ಮುಟ್ಟುವುದೇ ಇಲ್ಲ. ನೆಲ ಪೊಳ್ಳು ಸದ್ದು ಮಾಡುತ್ತದೆ, ಚೆಂಡು ಅಲ್ಲಿ ಸತ್ತಂತೆ ಬೀಳುತ್ತದೆ, ಹಲಗೆಗಳ ಜೋಡಣೆ ಪ್ರತಿ ಹೆಜ್ಜೆಗೂ ಆಡಿ ಮೊಳೆ ಸಡಿಲವಾಗುತ್ತದೆ. ಉಬ್ಬಿದ್ದರೆ ಪ್ಯಾಡ್ ಮೊದಲೇ ಒತ್ತಿಕೊಂಡಿರುವುದರಿಂದ ಆ ಜಾಗ ಗಟ್ಟಿಯಾಗುತ್ತದೆ, ಅದರ ಬೆಲೆ ತೆರುವುದು ಆಟಗಾರನ ಮೊಣಕಾಲು. ಮೇಲಿನಿಂದ ಮರವನ್ನು ಉಜ್ಜಿ ಸರಿಮಾಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಉಜ್ಜುವುದರಿಂದ ಮೇಲ್ಮೈ ನುಣುಪಾಗುತ್ತದೆಯೇ ಹೊರತು ಕೆಳಗಿನ ಪೊಳ್ಳು ತುಂಬುವುದಿಲ್ಲ.

ಎಷ್ಟು ವ್ಯತ್ಯಾಸ ಸಹ್ಯ?

ಮೇಪಲ್ ಮರದ ಕ್ರೀಡಾ ನೆಲಗಳ ನಿರ್ದೇಶನಗಳಲ್ಲಿ ಸಾಮಾನ್ಯವಾಗಿ ಕಾಣುವ ಮಿತಿ ಎಂದರೆ 10 ಅಡಿ ತ್ರಿಜ್ಯದೊಳಗೆ 1/8 ಅಂಗುಲ, ಅಂದರೆ ಸುಮಾರು 3 ಮೀಟರಿಗೆ 3 ಮಿ.ಮೀ. ರೀಪರುಗಳ ಕೆಳಗೆ ತೆಳು ಪಟ್ಟಿ ಕೊಟ್ಟು ಎತ್ತರ ಹೊಂದಿಸಬಹುದಾದ ಕೆಲವು ವಿಧಾನಗಳಲ್ಲಿ 1/4 ಅಂಗುಲದವರೆಗೂ ಒಪ್ಪುತ್ತಾರೆ. ನಿಮಗೆ ಅನ್ವಯಿಸುವ ಅಂಕಿ ನೀವು ಕೊಳ್ಳುತ್ತಿರುವ ನೆಲದ ತಯಾರಕರು ಲಿಖಿತವಾಗಿ ಕೊಟ್ಟದ್ದು ಮಾತ್ರ. ಮುಂಗಡ ಕೊಡುವ ಮೊದಲೇ ಅದನ್ನು ಕೇಳಿ ತರಿಸಿಕೊಳ್ಳಿ.

ಇಲ್ಲಿ ಒಂದು ಗೊಂದಲ ಪದೇ ಪದೇ ಆಗುತ್ತದೆ. ಒಳಾಂಗಣ ಕ್ರೀಡಾ ಮೇಲ್ಮೈಗಳ ಯುರೋಪಿನ ಮಾನದಂಡ ಇಎನ್ 14904ರಲ್ಲಿ 3 ಮೀಟರ್ ಉದ್ದದ ನೇರ ಪಟ್ಟಿಯನ್ನು ಮೇಲಿಟ್ಟಾಗ ಅದರಡಿಯ ಸಂದಿ 6 ಮಿ.ಮೀ. ಮೀರಬಾರದು ಎಂಬ ಮಿತಿ ಇದೆ. ಕಾಂಕ್ರೀಟ್ ಹಾಕಿದವರು ಅದನ್ನು ತೋರಿಸಿ ತಮ್ಮ 5 ಮಿ.ಮೀ. ತಗ್ಗು ನಿಯಮದೊಳಗಿದೆ ಎಂದು ವಾದಿಸುವುದುಂಟು. ಆ ಮಿತಿ ಆಟಗಾರ ಓಡಾಡುವ ಸಿದ್ಧ ಮೇಲ್ಮೈಗೆ ಹೇಳಿದ್ದು, ಅದರ ಕೆಳಗಿನ ಕಾಂಕ್ರೀಟಿಗೆ ಹೇಳಿದ್ದಲ್ಲ.

ದೊಡ್ಡ ಗುತ್ತಿಗೆಗಳಲ್ಲಿ ಎಫ್‌ಎಫ್, ಎಫ್‌ಎಲ್ ಎಂಬ ಎರಡು ಅಂಕಿಗಳನ್ನೂ ನೀವು ನೋಡಬಹುದು. ಎಎಸ್‌ಟಿಎಂ ಇ 1155 ಎಂಬ ಪರೀಕ್ಷಾ ವಿಧಾನದಲ್ಲಿ ನೆಲದ ಎತ್ತರವನ್ನು ಪ್ರತಿ ಒಂದು ಅಡಿಗೊಮ್ಮೆ ಅಳೆದು ಈ ಅಂಕಿಗಳನ್ನು ಲೆಕ್ಕ ಹಾಕುತ್ತಾರೆ. ಎಫ್‌ಎಫ್ ಸಮತಟ್ಟಿನ ಅಂಕಿ, ಎಫ್‌ಎಲ್ ಮಟ್ಟದ ಅಂಕಿ. ಅಂಕಿ ದೊಡ್ಡದಾದಷ್ಟೂ ನೆಲ ಒಳ್ಳೆಯದು. ಎಫ್‌ಎಫ್ 50 ಎಂದರೆ ಸ್ಥೂಲವಾಗಿ 10 ಅಡಿಗೆ 1/8 ಅಂಗುಲ, 25 ಎಂದರೆ 1/4 ಅಂಗುಲ. ಇದನ್ನು ಕಾಂಕ್ರೀಟ್ ಹಾಕಿದ 72 ಗಂಟೆಗಳೊಳಗೆ ಅಳೆಯುವುದು ರೂಢಿ. ಅದರ ಪರಿಣಾಮ ಏನೆಂಬುದನ್ನು ಮೊದಲ ಹಂತದಲ್ಲೇ ನೋಡೋಣ.

ಬೇಕಾಗುವ ಸಾಮಗ್ರಿ

ಮೂರು ಮೀಟರ್ ಉದ್ದದ ಅಲ್ಯೂಮಿನಿಯಂ ಪೆಟ್ಟಿಗೆ ಪಟ್ಟಿ, 100 ಮಿ.ಮೀ. ಎತ್ತರದ್ದಾದರೆ ಉತ್ತಮ. ಒಂದೇ ಕಡ್ಡಿಯಿಂದ ಕತ್ತರಿಸಿದ ಎರಡು ಸಮಾನ ತುಂಡುಗಳು, ಸುಮಾರು 10 ಮಿ.ಮೀ. ದಪ್ಪದವು. ಸಂದಿಗೆ ತೂರಿಸಿ ಅಳೆಯಲು ಡ್ರಿಲ್ ಬಿಟ್‌ಗಳ ಒಂದು ಸೆಟ್. 7ರಿಂದ 13 ಮಿ.ಮೀ.ವರೆಗಿನವು ಬೇಕು, ಅವುಗಳ ನುಣುಪಾದ ಕಾಂಡದ ದಪ್ಪ ನಂಬಲರ್ಹ. ಬಾಡಿಗೆಗೆ ತಂದ ಆಟೋ ಲೆವೆಲ್, ಅಂದರೆ ಮುಕ್ಕಾಲಿಯ ಮೇಲೆ ಕೂರಿಸಿ ದುರ್ಬೀನಿನಲ್ಲಿ ಒಂದೇ ಮಟ್ಟದ ಗೆರೆ ನೋಡುವ ಸರ್ವೆ ಉಪಕರಣ. ಸೀಮೆಸುಣ್ಣ, ನೂಲು, ಟೇಪು, ದೊಡ್ಡ ಟಾರ್ಚು, ಚೌಕುಳಿ ಕಾಗದದ ನೋಟ್‌ಬುಕ್.

ಕೆಲವು ಉಪಕರಣಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ. ಮೊಬೈಲಿನ ಮಟ್ಟ ತೋರಿಸುವ ಆ್ಯಪ್ ಒಂದು ಡಿಗ್ರಿಯ ಹತ್ತನೇ ಒಂದು ಭಾಗ ತಪ್ಪಿದರೂ 3 ಮೀಟರಿಗೆ 5 ಮಿ.ಮೀ. ತಪ್ಪುತ್ತದೆ. ಗೋಡೆಗೆ ಟೈಲ್ಸ್ ಹಚ್ಚುವವರು ಬಳಸುವ ಅಗ್ಗದ ಲೇಸರ್ ಗೆರೆ ಉಪಕರಣಗಳ ಮೇಲೆ 10 ಮೀಟರಿಗೆ 3 ಮಿ.ಮೀ. ಹೆಚ್ಚು ಕಡಿಮೆ ಎಂದು ಬರೆದಿರುವುದು ಸಾಮಾನ್ಯ. ನಾವು ಹುಡುಕುತ್ತಿರುವ ದೋಷವೇ ಅಷ್ಟು. ಇನ್ನು ನೆಲಕ್ಕೆ ನೀರು ಬಿಟ್ಟು ಎಲ್ಲಿ ನಿಲ್ಲುತ್ತದೆ ಎಂದು ನೋಡುವ ಹಳೆಯ ಪದ್ಧತಿಯನ್ನು ಇಲ್ಲಿ ಪೂರ್ತಿ ಮರೆತುಬಿಡಿ. ಇಳಿಜಾರಿನ ನೆಲದಲ್ಲಿ ತಗ್ಗಿದ್ದರೂ ನೀರು ಹರಿದುಹೋಗಬಹುದು, ಜೊತೆಗೆ ತಿಂಗಳುಗಟ್ಟಲೆ ಒಣಗಿಸಿದ ಕಾಂಕ್ರೀಟಿಗೆ ನೀವೇ ಮತ್ತೆ ನೀರು ಕುಡಿಸಿದಂತಾಗುತ್ತದೆ.

1. ಅಳೆಯುವ ದಿನವನ್ನು ನಿಗದಿಮಾಡಿ

ಕಾಂಕ್ರೀಟ್ ಹಾಕಿದ ಮೂರನೆಯ ದಿನ ಸಮತಟ್ಟಾಗಿದ್ದ ನೆಲ ಮೂರನೆಯ ತಿಂಗಳು ಹಾಗೆಯೇ ಇರುತ್ತದೆಂಬ ಖಾತರಿಯಿಲ್ಲ. ಹಾಸಿನ ಮೇಲ್ಭಾಗ ಗಾಳಿ ಬಿಸಿಲಿಗೆ ಬೇಗ ಒಣಗಿ ಕುಗ್ಗುತ್ತದೆ, ಮಣ್ಣಿಗೆ ತಾಗಿದ ಕೆಳಭಾಗ ತೇವವಾಗಿಯೇ ಉಳಿಯುತ್ತದೆ; ಆಗ ಅಂಚುಗಳೂ ಮೂಲೆಗಳೂ ಒಣಗಿದ ಅಡಿಕೆ ಹಾಳೆಯಂತೆ ಮೇಲಕ್ಕೆ ಮುರುಟುತ್ತವೆ. ಬಿರುಕು ಎಲ್ಲೆಂದರಲ್ಲಿ ಬೀಳದಿರಲೆಂದು ಕಾಂಕ್ರೀಟಿನಲ್ಲಿ ಯಂತ್ರದಿಂದ ಕೊಯ್ದ ಗೆರೆಗಳ ಎರಡೂ ಪಕ್ಕದಲ್ಲಿ ಈ ಮುರುಟು ಕಾಣಿಸಿಕೊಳ್ಳುತ್ತದೆ. ಮಾರ್ಚ್, ಏಪ್ರಿಲ್‌ನ ನಮ್ಮ ಒಣ ಗಾಳಿಯಲ್ಲಿ, ಸರಿಯಾಗಿ ಕ್ಯೂರಿಂಗ್ ಮಾಡದ ನೆಲದಲ್ಲಿ, ಇದು ಇನ್ನೂ ಹೆಚ್ಚು.

ಆದ್ದರಿಂದ ಎರಡು ಬಾರಿ ಅಳೆಯಿರಿ. ಮೊದಲನೆಯದು ಹಾಕಿದ ಮೂರು ದಿನದೊಳಗೆ, ಅದು ಕಾಂಕ್ರೀಟ್ ಗುತ್ತಿಗೆದಾರರ ಕೆಲಸದ ಲೆಕ್ಕ. ಎರಡನೆಯದು ನೆಲ ಒಣಗಿದ ಮೇಲೆ, ಮರಕ್ಕೆ ಆರ್ಡರ್ ಕೊಡುವ ಮುನ್ನ. ಒಂದೇ ಬಾರಿ ಅಳೆಯಲು ಸಾಧ್ಯವೆಂದಾದರೆ ಎರಡನೆಯದನ್ನೇ ಉಳಿಸಿಕೊಳ್ಳಿ, ಏಕೆಂದರೆ ಮರ ಕೂರುವುದು ಆ ನೆಲದ ಮೇಲೆ.

ಅಳೆಯುವ ವ್ಯಕ್ತಿ ಕಾಂಕ್ರೀಟ್ ಹಾಕಿದವರೂ ಆಗಿರಬಾರದು, ಮರ ಹಾಸುವವರೂ ಆಗಿರಬಾರದು. ಇಬ್ಬರನ್ನೂ ಆ ದಿನ ಕರೆಸಿ ಎದುರಿಗೆ ನಿಲ್ಲಿಸಿಕೊಳ್ಳುವುದು ಮಾತ್ರ ಒಳ್ಳೆಯದು.

2. ನೆಲವನ್ನು ಬೋಳುಮಾಡಿ

ಗಾರೆಯ ಹನಿ, ಬಣ್ಣದ ಗಂಟು, ಪಿಒಪಿ ತುಣುಕುಗಳನ್ನು ಕೆರೆದು ತೆಗೆಯಿರಿ, ನಂತರ ಗುಡಿಸಿ. ಒಂದು ಅವರೆಕಾಳಿನಷ್ಟು ಒಣಗಿದ ಗಾರೆ ಪಟ್ಟಿಯ ಕೆಳಗೆ ಸಿಕ್ಕಿದರೆ ಇಡೀ ಸಾಲಿನ ಅಳತೆ ಕೆಡುತ್ತದೆ.

ಹಳೆಯ ಕಟ್ಟಡವನ್ನು ಅಂಕಣವಾಗಿ ಬದಲಿಸುತ್ತಿದ್ದರೆ ಎರಡು ಸಂಗತಿ ನೋಡಿಕೊಳ್ಳಿ. ಕೊಬ್ಬರಿ ಗೋದಾಮು, ಕಡಲೆಕಾಯಿ ಎಣ್ಣೆ ಮಿಲ್ಲುಗಳ ನೆಲದಲ್ಲಿ ಎಣ್ಣೆ ಇಂಗಿರುತ್ತದೆ. ನೀರಿನ ಒಂದು ಹನಿ ಹಾಕಿದಾಗ ಅದು ಹೀರಿಕೊಳ್ಳದೆ ಮುತ್ತಿನಂತೆ ನಿಂತರೆ ಮುಂದೆ ಯಾವ ಭರ್ತಿಯೂ ಅಲ್ಲಿ ಅಂಟುವುದಿಲ್ಲ. ಎರಡನೆಯದು ವಾಟ. ನೆಲ ತೊಳೆದ ನೀರು ಬಾಗಿಲ ಕಡೆಗೆ ಹರಿಯಲೆಂದು ಹಿಂದಿನವರು ಬೇಕೆಂದೇ ವಾಟ ಕೊಟ್ಟಿರುತ್ತಾರೆ. ಹೊಸ ಕಾಂಕ್ರೀಟಿನಲ್ಲೂ, ಬೇಡವೆಂದು ಬಾಯಿಬಿಟ್ಟು ಹೇಳದಿದ್ದರೆ, ಕೈ ರೂಢಿಯಲ್ಲೇ ಒಂದಿಷ್ಟು ವಾಟ ಬಂದುಬಿಡುತ್ತದೆ.

ಗುಡಿಸಿದ ಮೇಲೆ ಸುತ್ತಿಗೆಯ ಹಿಡಿಯಿಂದ ಅಲ್ಲಲ್ಲಿ ತಟ್ಟಿ ಕೇಳಿ. ಬೆಡ್ ಕಾಂಕ್ರೀಟಿನ ಮೇಲೆ ಆಮೇಲೆ ಹಾಕಿದ ತೆಳು ಗಾರೆ ಪದರ ಕೆಳಗಿನಿಂದ ಬಿಟ್ಟುಕೊಂಡಿದ್ದರೆ ಸದ್ದು ಪೊಳ್ಳಾಗಿರುತ್ತದೆ. ಅಂಥ ಜಾಗವನ್ನು ಗುರುತಿಸಿ ಒಡೆದು ತೆಗೆಸಬೇಕು. ಬಿಟ್ಟುಕೊಂಡ ಪದರ ಎಷ್ಟು ಸಮತಟ್ಟಾಗಿದ್ದರೂ ಪ್ರಯೋಜನವಿಲ್ಲ.

3. ಪಟ್ಟಿಯನ್ನೇ ಮೊದಲು ಪರೀಕ್ಷಿಸಿ

ನೆಲದ ದೋಷ ಹುಡುಕುವ ಮೊದಲು ಪಟ್ಟಿಯ ದೋಷ ತಿಳಿದಿರಬೇಕು. ಪಟ್ಟಿಯನ್ನು ನೆಲದ ಮೇಲೆ ಅಗಲವಾದ ಮುಖದಲ್ಲಿ ಮಲಗಿಸಿ, ಅಳತೆಗೆ ಬಳಸುವ ಅಂಚಿನುದ್ದಕ್ಕೂ ಚೂಪಾದ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಈಗ ಅದನ್ನು ಪುಸ್ತಕದ ಹಾಳೆಯಂತೆ ಗೆರೆಯ ಆಚೆ ಬದಿಗೆ ಮಗುಚಿ ಅದೇ ಅಂಚನ್ನು ಗೆರೆಗೆ ಹೊಂದಿಸಿ ಮತ್ತೊಂದು ಗೆರೆ ಎಳೆಯಿರಿ. ಎರಡೂ ಗೆರೆಗಳು ಒಂದಾದರೆ ಅಂಚು ನೇರ. ನಡುವೆ ಸಂದಿ ಕಂಡರೆ ಪಟ್ಟಿಯ ಡೊಂಕು ಆ ಸಂದಿಯ ಅರ್ಧದಷ್ಟು. ಅರ್ಧ ಮಿಲಿಮೀಟರಿಗಿಂತ ಹೆಚ್ಚು ಡೊಂಕಿದ್ದರೆ ಬೇರೆ ಪಟ್ಟಿ ತನ್ನಿ.

ಅಳೆಯುವಾಗ ಮಾತ್ರ ಪಟ್ಟಿಯನ್ನು ಎಂದಿಗೂ ಮಲಗಿಸಬೇಡಿ, ನಿಲ್ಲಿಸಿಯೇ ಹಿಡಿಯಬೇಕು. 100 ಮಿ.ಮೀ. ಎತ್ತರ, 25 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ಪೆಟ್ಟಿಗೆ ಪಟ್ಟಿಯನ್ನು ಮಲಗಿಸಿ ಎರಡು ತುದಿಗಳಲ್ಲಿ ಮಾತ್ರ ಆಧಾರ ಕೊಟ್ಟರೆ, ನನ್ನ ಲೆಕ್ಕದ ಪ್ರಕಾರ, ತನ್ನ ಭಾರಕ್ಕೇ ನಡುವೆ 3 ಮಿ.ಮೀ.ಗಿಂತ ಹೆಚ್ಚು ಜೋಲುತ್ತದೆ. ನಮ್ಮ ಮಿತಿ ಅಷ್ಟೂ ಅಲ್ಲಿಗೇ ಮುಗಿಯಿತು. ಅದೇ ಪಟ್ಟಿಯನ್ನು ನಿಲ್ಲಿಸಿದರೆ ಜೋಲು ಅರ್ಧ ಮಿಲಿಮೀಟರಿಗಿಂತ ಕಡಿಮೆ.

4. ಚೌಕಗಳನ್ನು ಗುರುತುಹಾಕಿ

ನೂಲು ಹೊಡೆದು ಇಡೀ ನೆಲವನ್ನು 1.5 ಮೀಟರ್ ಚೌಕಗಳಾಗಿ ವಿಂಗಡಿಸಿ. ಉದಾಹರಣೆಗೆ, ಎರಡು ಬ್ಯಾಡ್ಮಿಂಟನ್ ಅಂಕಣಗಳಿಗೆ 18 ಮೀಟರ್ ಉದ್ದ, 16.5 ಮೀಟರ್ ಅಗಲದ ಹಾಲ್ ಇದೆ ಎಂದುಕೊಳ್ಳಿ. ಒಂದು ಅಂಕಣದ ಅಳತೆ 13.40 ಮೀಟರಿಗೆ 6.10 ಮೀಟರ್, ಉಳಿದದ್ದು ಸುತ್ತಲಿನ ಜಾಗ. ಉದ್ದಕ್ಕೆ 13 ಗೆರೆ, ಅಗಲಕ್ಕೆ 12 ಗೆರೆ ಬರುತ್ತವೆ, ಗೆರೆಗಳು ಕೂಡುವ ಬಿಂದುಗಳು 156. ಉದ್ದದ ಕಡೆಗೆ 1, 2, 3 ಎಂದೂ ಅಗಲದ ಕಡೆಗೆ ಅ, ಆ, ಇ ಎಂದೂ ಹೆಸರಿಟ್ಟು ಚೌಕುಳಿ ಕಾಗದದಲ್ಲಿ ಅದೇ ನಕ್ಷೆ ಬರೆದುಕೊಳ್ಳಿ. ಬಾಗಿಲು ಎಲ್ಲಿದೆ ಎಂಬುದನ್ನು ನಕ್ಷೆಯಲ್ಲಿ ತಪ್ಪದೆ ಗುರುತಿಸಿ. ಹದಿನೈದು ದಿನ ಕಳೆದ ಮೇಲೆ ನಕ್ಷೆಯ ತಲೆ ಯಾವುದು, ಕಾಲು ಯಾವುದು ಎಂದು ನಿಮಗೇ ತಿಳಿಯದೆ ಹೋಗಬಹುದು.

ಗೋಡೆಯಂಚಿನ ಬಿಂದುಗಳನ್ನು ಗೋಡೆಗೆ ತಾಗಿಸಬೇಡಿ, 100 ಮಿ.ಮೀ. ಒಳಗೆ ತೆಗೆದುಕೊಳ್ಳಿ. ಕರಣೆ ಆಡದ ಆ ಮೂಲೆಯ ಗಾರೆ ನೆಲದ ನಿಜವಾದ ಸ್ಥಿತಿಯನ್ನು ಹೇಳುವುದಿಲ್ಲ.

5. ಆಟೋ ಲೆವೆಲ್‌ನಿಂದ ಎತ್ತರ ಓದಿ

ಉಪಕರಣ ಬಾಡಿಗೆಯದಾದ್ದರಿಂದ ಅದನ್ನೂ ನಂಬುವ ಮೊದಲು ಪರೀಕ್ಷಿಸಬೇಕು. ಸುಮಾರು 15 ಮೀಟರ್ ಅಂತರದ ಎರಡು ಬಿಂದುಗಳ ಸರಿಯಾಗಿ ನಡುವೆ ಉಪಕರಣವಿಟ್ಟು, ಪ್ರತಿ ಬಿಂದುವಿನ ಮೇಲೂ ಅಳತೆ ಗೆರೆಗಳ ಕೋಲು ನಿಲ್ಲಿಸಿ ದುರ್ಬೀನಿನ ಗೆರೆ ತಾಗುವ ಅಂಕಿಯನ್ನು ಓದಿ, ವ್ಯತ್ಯಾಸ ಬರೆದುಕೊಳ್ಳಿ. ನಂತರ ಉಪಕರಣವನ್ನು ಒಂದು ಬಿಂದುವಿನ ಹತ್ತಿರಕ್ಕೆ ಒಯ್ದು ಮತ್ತೆ ಎರಡನ್ನೂ ಓದಿ. ಎರಡು ಸಲವೂ ವ್ಯತ್ಯಾಸ ಒಂದೇ ಬಂದರೆ ಉಪಕರಣ ಸರಿ. 1 ಮಿ.ಮೀ.ಗಿಂತ ಹೆಚ್ಚು ಅಂತರ ಬಂದರೆ ಅಂಗಡಿಗೆ ಹಿಂದಿರುಗಿಸಿ.

ಉಪಕರಣವನ್ನು ಹಾಲ್‌ನ ನಡುಭಾಗದಲ್ಲಿ ಒಂದೇ ಕಡೆ ನಿಲ್ಲಿಸಿ, 156 ಬಿಂದುಗಳನ್ನೂ ಅಲ್ಲಿಂದಲೇ ಓದಿ. ಸಾಮಾನ್ಯ ಸರ್ವೆ ಕೋಲಿನಲ್ಲಿ ಗೆರೆಗಳು 5 ಅಥವಾ 10 ಮಿ.ಮೀ.ಗೆ ಒಂದರಂತೆ ಇರುವುದರಿಂದ ನಡುವಿನ ಮಿಲಿಮೀಟರನ್ನು ಕಣ್ಣಂದಾಜಿನಲ್ಲಿ ಓದಬೇಕಾಗುತ್ತದೆ. ಅದರ ಬದಲು ನೇರವಾದ ರೀಪರಿಗೆ, ದುರ್ಬೀನಿನ ಎತ್ತರದಲ್ಲಿ, ಮಿಲಿಮೀಟರ್ ಗೆರೆಯ ಸ್ಟೀಲ್ ಸ್ಕೇಲನ್ನು ಬಿಗಿಯಾಗಿ ಜೋಡಿಸಿಕೊಳ್ಳಿ. ಸ್ಕೇಲಿನ ಅಂಕಿಗಳು ಕೆಳಗಿನಿಂದ ಮೇಲಕ್ಕೆ ಹೆಚ್ಚುತ್ತಿರಲಿ. ರೀಪರಿನ ಬುಡಕ್ಕೆ ಒಂದು ದುಂಡುತಲೆಯ ಸ್ಕ್ರೂ ಹಾಕಿದರೆ ಪ್ರತಿ ಬಾರಿಯೂ ಅದೇ ಬಿಂದು ನೆಲ ಮುಟ್ಟುತ್ತದೆ. ಕೋಲು ಹಿಡಿಯುವವರು ಅದನ್ನು ನೆಟ್ಟಗೆ ಹಿಡಿಯಬೇಕು. ವಾಲಿದರೆ ಓದು ಹೆಚ್ಚಾಗಿ ಬರುತ್ತದೆ. ಪ್ರತಿ ಇಪ್ಪತ್ತು ಬಿಂದುಗಳಿಗೊಮ್ಮೆ ಮೊದಲ ಬಿಂದುವನ್ನು ಮತ್ತೆ ಓದಿ. ಅದು ಬದಲಾಗಿದ್ದರೆ ಯಾರೋ ಮುಕ್ಕಾಲಿಗೆ ಕಾಲು ತಾಗಿಸಿದ್ದಾರೆ. ಹಿಂದಿನ ಇಪ್ಪತ್ತನ್ನೂ ಹೊಸದಾಗಿ ಓದಬೇಕು.

ಈಗ ಈ ಲೇಖನದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಬೇಕಾದ ಎಚ್ಚರಿಕೆ: ಕೋಲಿನ ಓದು ಹೆಚ್ಚಾದಷ್ಟೂ ನೆಲ ತಗ್ಗು. 1412 ಓದಿದ ಬಿಂದು 1406 ಓದಿದ ಬಿಂದುವಿಗಿಂತ 6 ಮಿ.ಮೀ. ಕೆಳಗಿದೆ. ಇದನ್ನು ತಿರುವುಮುರುವು ತಿಳಿದು ತಗ್ಗಿಗೆ ‘ಉಬ್ಬು’ ಎಂದು ಬರೆದು, ಉಜ್ಜುವ ಯಂತ್ರದವರು ತಗ್ಗನ್ನೇ ಇನ್ನಷ್ಟು ಉಜ್ಜಿದ ನೆಲವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗೊಂದಲ ತಪ್ಪಿಸಲು ಒಂದು ಸುಲಭ ದಾರಿ ಇದೆ. ಎಲ್ಲ ಓದುಗಳಲ್ಲಿ ಅತಿ ಚಿಕ್ಕದನ್ನು ಹುಡುಕಿ, ಅದು ನೆಲದ ಅತಿ ಎತ್ತರದ ಬಿಂದು. ಉಳಿದ ಪ್ರತಿಯೊಂದು ಓದಿನಿಂದ ಅದನ್ನು ಕಳೆಯಿರಿ. ಬರುವ ಉತ್ತರ ‘ಅತಿ ಎತ್ತರದ ಬಿಂದುವಿಗಿಂತ ಎಷ್ಟು ಕೆಳಗೆ’ ಎಂಬ ಅಂಕಿ. ನಕ್ಷೆಯಲ್ಲಿ ಅದನ್ನು ಮಾತ್ರ ಬರೆಯಿರಿ, ಮೂಲ ಓದುಗಳನ್ನು ಬೇರೆ ಹಾಳೆಯಲ್ಲಿಡಿ.

6. ಅಂಕಿಗಳನ್ನು ಓದುವುದು

ಮಟ್ಟಕ್ಕೂ ಸಮತಟ್ಟಿಗೂ ಇರುವ ವ್ಯತ್ಯಾಸ ಇಲ್ಲಿ ಕೈಗೆ ಸಿಗುತ್ತದೆ. ಒಂದು ಸಾಲಿನಲ್ಲಿ 1.5 ಮೀಟರಿಗೊಂದರಂತೆ 0, 2, 4, 6, 8 ಎಂದು ಬಂದಿದೆ ಎನ್ನೋಣ. ಆರು ಮೀಟರಿಗೆ 8 ಮಿ.ಮೀ. ಇಳಿದಿದ್ದರೂ ಈ ಸಾಲು ನೇರವಾಗಿದೆ, ಪಟ್ಟಿ ಇಟ್ಟರೆ ಸಂದಿಯೇ ಕಾಣದು. ಇದು ವಾಟ, ಅಂದರೆ ಮಟ್ಟದ ದೋಷ. ಇನ್ನೊಂದು ಸಾಲಿನಲ್ಲಿ 2, 2, 8, 2, 2 ಎಂದು ಬಂದಿದೆ. ಇಡೀ ಸಾಲಿನ ಎರಡು ತುದಿಗಳೂ ಒಂದೇ ಮಟ್ಟದಲ್ಲಿವೆ, ಟ್ಯೂಬ್ ಹಿಡಿದವರು ಸಂತೋಷವಾಗಿ ಹೋಗುತ್ತಾರೆ. ಆದರೆ ನಡುವೆ 6 ಮಿ.ಮೀ. ತಗ್ಗಿದೆ, ಮರದ ನೆಲಕ್ಕೆ ಇದು ಆಗದು.

ಒಂದೇ ಸಾಲಿನಲ್ಲಿ ಒಂದರ ಪಕ್ಕ ಒಂದಿರುವ ಯಾವುದೇ ಮೂರು ಬಿಂದುಗಳಿಗೆ ಈ ಲೆಕ್ಕ ಮಾಡಿ: ಎರಡು ಬದಿಯ ಅಂಕಿಗಳನ್ನು ಕೂಡಿ ಅರ್ಧ ಮಾಡಿ, ಅದನ್ನು ನಡುವಿನ ಅಂಕಿಯಿಂದ ಕಳೆಯಿರಿ. ಉತ್ತರ ಸೊನ್ನೆಗಿಂತ ಹೆಚ್ಚಾದರೆ ನಡುವೆ ತಗ್ಗು, ಕಡಿಮೆಯಾದರೆ ಉಬ್ಬು. ಮೂರು ಬಿಂದುಗಳ ಒಟ್ಟು ಅಂತರ 3 ಮೀಟರ್ ಆಗಿರುವುದರಿಂದ ಉತ್ತರವನ್ನು ನೇರವಾಗಿ 3 ಮಿ.ಮೀ. ಮಿತಿಯೊಂದಿಗೆ ಹೋಲಿಸಬಹುದು. ಚೌಕವನ್ನು 1.5 ಮೀಟರಿಗೆ ಆರಿಸಿಕೊಂಡದ್ದು ಈ ಅನುಕೂಲಕ್ಕಾಗಿಯೇ. ಉದ್ದಕ್ಕೆ, ಅಗಲಕ್ಕೆ ಎರಡೂ ದಿಕ್ಕಿನಲ್ಲಿ ಮಾಡಿ, ಮಿತಿ ಮೀರಿದ ಬಿಂದುಗಳಿಗೆ ಕೆಂಪು ಸುತ್ತು ಹಾಕಿ.

ವಾಟವನ್ನು ಪೂರ್ತಿ ಕಡೆಗಣಿಸಿ ಎಂದು ನಾನು ಹೇಳುತ್ತಿಲ್ಲ. ಬ್ಯಾಡ್ಮಿಂಟನ್ ನೆಟ್ ಕಂಬಗಳ ಬಳಿ ನೆಲದಿಂದ 1.55 ಮೀಟರ್, ನಡುವೆ 1.524 ಮೀಟರ್ ಎತ್ತರವಿರಬೇಕು. ನೆಲವೇ ವಾಲಿದ್ದರೆ ಕಂಬ ನಿಲ್ಲಿಸುವಾಗ ತೊಂದರೆ. ಇಡೀ ಹಾಲ್‌ಗೆ ಎಷ್ಟು ವಾಟ ನಡೆಯುತ್ತದೆ ಎಂಬುದನ್ನು ತಯಾರಕರಿಂದಲೇ ಬರೆಸಿಕೊಳ್ಳಿ. ಬಾಗಿಲ ಹೊಸ್ತಿಲಿಗೆ ಹೋಲಿಸಿದರೆ ಅತಿ ಎತ್ತರದ ಬಿಂದು ಎಷ್ಟು ಕೆಳಗಿದೆ ಎಂಬುದನ್ನೂ ಅಳೆದಿಡಿ. ಪ್ಯಾಡ್, ಪ್ಲೈವುಡ್, ಹಲಗೆ ಎಲ್ಲ ಸೇರಿದ ದಪ್ಪ ಅಲ್ಲಿ ಹಿಡಿಸಬೇಕು. ಹಿಡಿಸದಿದ್ದರೆ ಬಾಗಿಲು ಕತ್ತರಿಸಬೇಕು ಅಥವಾ ಎಡವುವ ಮೆಟ್ಟಿಲಾಗುತ್ತದೆ.

7. ಪಟ್ಟಿಯಿಂದ ಸಣ್ಣ ದೋಷ ಹುಡುಕಿ

ಒಂದೂವರೆ ಮೀಟರಿಗೊಂದು ಬಿಂದು ಓದಿದಾಗ ಅವುಗಳ ನಡುವೆ ಅಡಗಿದ ಉಬ್ಬು ತಪ್ಪಿಹೋಗಬಹುದು. ಕತ್ತಲಾದ ಮೇಲೆ ಟಾರ್ಚನ್ನು ನೆಲಕ್ಕೆ ಮಲಗಿಸಿ ಬೆಳಕು ಹಾಯಿಸಿದರೆ ಅಲೆಗಳ ನೆರಳು ಎದ್ದು ಕಾಣುತ್ತದೆ. ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಕೆಂಪು ಸುತ್ತಿನ ಬಿಂದುಗಳು, ಈ ಗುರುತುಗಳು, ಕೊಯ್ದ ಗೆರೆಗಳ ಇಕ್ಕೆಲ, ಒಂದು ದಿನದ ಕಾಂಕ್ರೀಟ್ ಮುಗಿದು ಮರುದಿನದ್ದು ಶುರುವಾದ ಸಂದು, ಕಂಬಗಳ ಬುಡ, ಇಷ್ಟು ಜಾಗಗಳಲ್ಲಿ ಪಟ್ಟಿ ಇಡಲೇಬೇಕು.

ಬರಿಯ ಪಟ್ಟಿಯನ್ನು ಉಬ್ಬಿನ ಮೇಲಿಟ್ಟರೆ ಅದು ಏತದಂತೆ ಆ ಕಡೆ ಈ ಕಡೆ ಆಡುತ್ತದೆ, ಒಬ್ಬರು ಒಂದು ತುದಿ ಒತ್ತಿ ಒಂದು ಅಂಕಿ, ಇನ್ನೊಬ್ಬರು ಇನ್ನೊಂದು ತುದಿ ಒತ್ತಿ ಬೇರೊಂದು ಅಂಕಿ ಹೇಳುತ್ತಾರೆ. ಇದಕ್ಕಾಗಿಯೇ ಎರಡು 10 ಮಿ.ಮೀ. ತುಂಡುಗಳು. ಪಟ್ಟಿಯ ಎರಡು ತುದಿಗಳ ಕೆಳಗೆ ಒಂದೊಂದನ್ನು ಇಟ್ಟು, 300 ಮಿ.ಮೀ.ಗೊಮ್ಮೆ ಡ್ರಿಲ್ ಬಿಟ್ ತೂರಿಸಿ ಸಂದಿ ಅಳೆಯಿರಿ. 10 ಇದ್ದರೆ ನೇರ, 8 ಇದ್ದರೆ 2 ಮಿ.ಮೀ. ಉಬ್ಬು, 13 ಇದ್ದರೆ 3 ಮಿ.ಮೀ. ತಗ್ಗು. ನಂತರ ಪಟ್ಟಿಯನ್ನು ಅದರ ಅರ್ಧ ಉದ್ದದಷ್ಟು ಮುಂದಕ್ಕೆ ಸರಿಸಿ ಮತ್ತೆ ಅಳೆಯಿರಿ. ಪೂರ್ತಿ ಉದ್ದ ಸರಿಸಿದರೆ ಎರಡು ಇಡುವಿಕೆಗಳ ಸಂದಿನಲ್ಲಿರುವ ದೋಷ ತಪ್ಪಿಸಿಕೊಳ್ಳುತ್ತದೆ.

ಕರಾರಿನಲ್ಲಿ ‘ತ್ರಿಜ್ಯ’ ಎಂಬ ಪದವಿದ್ದರೆ ಒಂದು ದಿಕ್ಕಿನಲ್ಲಿ ಅಳೆದರೆ ಸಾಲದು. ಪಟ್ಟಿಯ ಒಂದು ತುದಿಯನ್ನು ಒಂದೇ ಬಿಂದುವಿನಲ್ಲಿ ಹಿಡಿದು, ಇನ್ನೊಂದು ತುದಿಯನ್ನು ಗಾಣದ ಎತ್ತಿನಂತೆ ಸುತ್ತಿಸುತ್ತಾ ಎಂಟು ದಿಕ್ಕಿನಲ್ಲಾದರೂ ಅಳೆಯಬೇಕು. ಉದ್ದಕ್ಕೂ ಅಗಲಕ್ಕೂ ಸರಿಯಿದ್ದು ಮೂಲೆಯಿಂದ ಮೂಲೆಗೆ ತಿರುಚಿಕೊಂಡ ನೆಲ ಸಿಕ್ಕಿಬೀಳುವುದು ಈ ಸುತ್ತಿನಲ್ಲಿ.

8. ತೇವವನ್ನೂ ಇದೇ ವಾರದಲ್ಲಿ ನೋಡಿ

ತೇವದ ವಿಷಯ ಪ್ರತ್ಯೇಕ ಲೇಖನಕ್ಕಾಗುವಷ್ಟಿದೆ, ಇಲ್ಲಿ ಅಗತ್ಯವಿದ್ದಷ್ಟನ್ನು ಮಾತ್ರ ಹೇಳುತ್ತೇನೆ. ಕಾಂಕ್ರೀಟ್ ಇನ್ನೂ ಒದ್ದೆಯಿದ್ದರೆ ಅದು ಮುಂದೆಯೂ ಮುರುಟುತ್ತದೆ, ನಿಮ್ಮ ಅಳತೆ ತಾತ್ಕಾಲಿಕವಾಗುತ್ತದೆ. ಸುಮಾರು 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕು ಅಂಚನ್ನೂ ಟೇಪಿನಿಂದ ನೆಲಕ್ಕೆ ಬಿಗಿಯಾಗಿ ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು ತೆಗೆಯಿರಿ. ಹಾಳೆಯಡಿ ಹನಿಗಟ್ಟಿದ್ದರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ನೆಲ ಸಿದ್ಧವಿಲ್ಲ. ಏನೂ ಕಾಣದಿದ್ದ ಮಾತ್ರಕ್ಕೆ ಸಿದ್ಧವಿದೆ ಎಂದಲ್ಲ. ಆಗ ಕಾಂಕ್ರೀಟಿನ ದಪ್ಪದ 40 ಶೇಕಡಾ ಆಳಕ್ಕೆ ತೂತು ಕೊರೆದು ಒಳಗಿನ ತೇವಾಂಶ ಅಳೆಯುವ ಮೀಟರಿನ ಪರೀಕ್ಷೆ ಮಾಡಿಸಬೇಕು, ಅದರ ಮಿತಿಯೂ ತಯಾರಕರ ಕಾಗದದಲ್ಲಿರುತ್ತದೆ. ಸೆಪ್ಟೆಂಬರ್, ಅಕ್ಟೋಬರಿನ ಮಳೆಯಲ್ಲಿ ಕಿಟಕಿ ಕೂರಿಸದ, ಶೀಟು ಪೂರ್ತಿ ಹೊದಿಸದ ಕಟ್ಟಡದಲ್ಲಿ ಈ ಪರೀಕ್ಷೆಗಳಿಗೆ ಅರ್ಥವಿಲ್ಲ.

9. ಸರಿಪಡಿಸುವುದು, ಮತ್ತೆ ಅಳೆಯುವುದು

ಮೊದಲು ಉಬ್ಬು, ಆಮೇಲೆ ತಗ್ಗು. ಉಬ್ಬನ್ನು ಇಳಿಸಿದರೆ ಅದರ ಪಕ್ಕದ ಎಷ್ಟೋ ‘ತಗ್ಗು’ಗಳು ತಾವಾಗಿಯೇ ಮಿತಿಯೊಳಗೆ ಬರುತ್ತವೆ, ಮೊದಲೇ ಭರ್ತಿ ಮಾಡಿದರೆ ದುಬಾರಿ ಸಾಮಗ್ರಿಯನ್ನು ಸುಮ್ಮನೆ ಸುರಿದಂತೆ. ಉಬ್ಬನ್ನು ವಜ್ರದ ಚಕ್ರದ ಗ್ರೈಂಡರಿನಿಂದ ಉಜ್ಜಿಸಿ. ಆ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಹಾನಿಕರ, ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಸಾಲದು. ಧೂಳು ಹೀರುವ ಯಂತ್ರ ಜೋಡಿಸಿದ ಗ್ರೈಂಡರನ್ನೂ ಸರಿಯಾದ ಮಾಸ್ಕನ್ನೂ ಕೊಟ್ಟಿದ್ದಾರೆಯೇ ಎಂದು ನೀವೇ ನೋಡಿ. ನೀರು ಹಾಕಿ ಉಜ್ಜಿಸಿದರೆ ಮತ್ತೆ ಒಣಗಲು ಸಮಯ ಬಿಡಬೇಕು.

ತಗ್ಗಿಗೆ ಸಿಮೆಂಟ್ ಆಧಾರಿತ ಸೆಲ್ಫ್ ಲೆವೆಲಿಂಗ್ ಕಾಂಪೌಂಡ್, ಅಂದರೆ ನೀರಿನಂತೆ ಹರಡಿ ತಾನಾಗಿ ಸಮನಾಗುವ ಮಿಶ್ರಣ, ಬಳಸಬೇಕು. ಅದಕ್ಕೆ ಮುನ್ನ ಪ್ರೈಮರ್ ಕಡ್ಡಾಯ. ಸಿಮೆಂಟನ್ನು ನೀರಿಗೆ ಕಲಸಿ ತೆಳುವಾಗಿ ಬಳಿದು ಕರಣೆಯಲ್ಲಿ ನೀವಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಬೇಡವೆನ್ನಿ. ಅಂಚಿನಲ್ಲಿ ಕಾಗದದಷ್ಟು ತೆಳುವಾದ ಆ ಪದರ ಕೆಲವೇ ತಿಂಗಳಲ್ಲಿ ಹಪ್ಪಳದಂತೆ ಎದ್ದು ಪುಡಿಯಾಗುತ್ತದೆ. ಪಿಒಪಿಯೂ ಬೇಡ, ತೇವ ತಗುಲಿದರೆ ಮೆತ್ತಗಾಗುತ್ತದೆ. ತಗ್ಗಿನ ಜಾಗದಲ್ಲಿ ಎರಡು ರಬ್ಬರ್ ಪ್ಯಾಡುಗಳನ್ನು ಒಂದರ ಮೇಲೊಂದು ಇಟ್ಟು ಎತ್ತರ ಸರಿಮಾಡಿದರೆ ಆ ಜಾಗ ಮಾತ್ರ ಮೆತ್ತಗಾಗಿ ಆಟ ಕೆಡುತ್ತದೆ. ಪ್ಲೈವುಡ್ ಚೂರು, ರಟ್ಟು, ಮರದ ಸಿಬರುಗಳನ್ನು ಸಂದಿಗೆ ತುರುಕಿದರೆ ನಮ್ಮ ಕೆಮ್ಮಣ್ಣಿನ ನೆಲದಲ್ಲಿ ಗೆದ್ದಲಿಗೆ ಔತಣ ಕೊಟ್ಟಂತೆ. ರೀಪರಿನಡಿ ಪಟ್ಟಿ ಕೊಡಲು ತಯಾರಕರು ಅನುಮತಿಸಿದ್ದರೆ ಅವರು ಹೇಳಿದ ಸಾಮಗ್ರಿಯನ್ನೇ, ಅವರು ಹೇಳಿದ ದಪ್ಪದವರೆಗೆ ಮಾತ್ರ ಬಳಸಿ.

ಭರ್ತಿ ಗಟ್ಟಿಯಾಗಿ ಒಣಗಿದ ಮೇಲೆ 5ರಿಂದ 7ರವರೆಗಿನ ಹಂತಗಳನ್ನು ಅದೇ ಚೌಕ, ಅದೇ ಬಿಂದುಗಳಲ್ಲಿ ಮತ್ತೊಮ್ಮೆ ಮಾಡಿ. ಸರಿಪಡಿಸಿದ ಜಾಗವಷ್ಟನ್ನೇ ಅಳೆದು ಮುಗಿಸುವ ಆಸೆಗೆ ಬೀಳಬೇಡಿ. ಭರ್ತಿಯ ಅಂಚು ಪಕ್ಕದ ಚೌಕದಲ್ಲಿ ಹೊಸ ಉಬ್ಬನ್ನು ಹುಟ್ಟಿಸಿರುವುದು ಸಾಮಾನ್ಯ. ಹಳೆಯ ನಕ್ಷೆ, ಹೊಸ ನಕ್ಷೆ ಎರಡರ ಮೇಲೂ ದಿನಾಂಕ, ಉಪಕರಣದ ಹೆಸರು, ಅಳೆದವರ ಸಹಿ, ಕಾಂಕ್ರೀಟ್ ಗುತ್ತಿಗೆದಾರರ ಸಹಿ, ಮರ ಹಾಸುವವರ ಸಹಿ ಇರಲಿ. ಮರ ಹಾಸುವವರು ‘ಈ ನೆಲವನ್ನು ಒಪ್ಪಿಕೊಂಡಿದ್ದೇನೆ’ ಎಂದು ಬರೆದು ಸಹಿ ಮಾಡಿದ ಪ್ರತಿ ನಿಮ್ಮ ಕೈಗೆ ಬಂದ ಮೇಲೆಯೇ ತೇವ ತಡೆಯುವ ಪಾಲಿಥೀನ್ ಹಾಳೆಯ ಸುರುಳಿ ಬಿಚ್ಚಲು ಬಿಡಿ. ಒಮ್ಮೆ ಆ ಹಾಳೆ ಹಾಸಿದರೆ ಅದರ ಕೆಳಗಿನ ನೆಲವನ್ನು ಮತ್ತೆ ಅಳೆಯಲು ಬರುವುದಿಲ್ಲ.